ಅಕ್ಕನ ಮಗಳು

ಅರಸೀಕೆರೆಯಲ್ಲಿ ಸುವರ್ಣಮ್ಮನ ಹೆಸರಿನ ಮ್ಯೂಸಿಯಂ ಆದಾಗಿನಿಂದ ಅವಳ ಒಬ್ಬಳೇ ಮಗಳು ಲಲಿತಮ್ಮ ಆ ಬೀದಿಯ ಕಡೆ ತಲೆ ಹಾಕಿರಲಿಲ್ಲ. ಬಾಣಾವರದಿಂದ ಅರಸೀಕೆರೆ ಏನು ದೂರ? ಬಸ್ಸು ಹತ್ತಿ ಕೂತರೆ ಒಂದು ಸಣ್ಣ ತೂಕಡಿಕೆ ಮುಗಿಯುವುದರೊಳಗೆ ಬಂದುಬಿಡುತ್ತದೆ. ಉದ್ಘಾಟನೆಗೆ ಕರೆಯಲು ಮನೆಗೇ ಬಂದಿದ್ದರು. ಆವತ್ತು ಮಂಡಿನೋವು ಎಂದಳು. ಮಗ ಮೋಹನ್‌ಕುಮಾರ್ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದಾಗ ಕೊಬ್ಬರಿ ಒಡೆಸುವ ಕೆಲಸವಿದೆ ಎಂದಳು. ಅವನು ಒಂದೆರಡು ಸಲ ಹೇಳಿ ಸುಮ್ಮನಾದ.

ಸೊಸೆ ದಿವ್ಯಾ ಸುಮ್ಮನಾಗಲಿಲ್ಲ. ಅವಳು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆಯ ತಾಯಿ ಇಂಥವರಂತೆ ಎಂದು ತಿಳಿದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. "ನಿಮ್ಮಮ್ಮನ ವಿಷಯ ಹೇಳಿ ಅತ್ತೆ" ಎಂದು ಕೂತರೆ ಲಲಿತಮ್ಮ, "ಏನೈತೆ ಹೇಳಾಕೆ? ಊರೋರ್ನ ಕೇಳು, ಅವ್ರಿಗೇ ಜಾಸ್ತಿ ಗೊತ್ತು" ಎಂದು ಒಲೆಯ ಕಡೆ ತಿರುಗುತ್ತಿದ್ದಳು. ದಿವ್ಯಾಗೆ ಅದು ವಿನಯದಂತೆ ಕಂಡಿತ್ತು.

ಒಂದು ಶನಿವಾರ, ಪೊರೆ ತೆಗೆಸಿದ್ದ ಕಣ್ಣನ್ನು ಮತ್ತೊಮ್ಮೆ ತೋರಿಸಲು ಅತ್ತೆ ಸೊಸೆ ಅರಸೀಕೆರೆಗೆ ಬಂದರು. ಡಾಕ್ಟರು ಎಲ್ಲ ಚೆನ್ನಾಗಿದೆ ಎಂದರು. ಹೊರಗೆ ಬಂದು ಆಟೊ ಹತ್ತಿದಾಗ ದಿವ್ಯಾ, "ಬಸ್ ಸ್ಟ್ಯಾಂಡ್ ಬೇಡಪ್ಪ, ಸ್ಟೇಷನ್ ಹಿಂದಿನ ಬೀದಿಗೆ ನಡಿ, ಸುವರ್ಣಮ್ಮನೋರ ಮ್ಯೂಸಿಯಮ್ಮಿಗೆ" ಎಂದುಬಿಟ್ಟಳು.

"ಅಕ್ಕನ ಹಾಸ್ಟೆಲ್ಲಾ? ಗೊತ್ತು ಕೂತ್ಕಳಿ" ಎಂದ ಆಟೊದವನು.

ಲಲಿತಮ್ಮ ಸೀಟಿನ ಅಂಚಿಗೆ ಸರಿದು ಕೂತಳು. ತಾಯಿ ಸತ್ತು ಇಪ್ಪತ್ತೈದು ವರ್ಷದ ಮೇಲಾಗಿದೆ, ಈ ಹುಡುಗನಿಗೆ ಅಷ್ಟು ವಯಸ್ಸೂ ಇದ್ದಂತಿಲ್ಲ. ಇವನಿಗೂ ಅಕ್ಕನೇ!

ಸುವರ್ಣಮ್ಮ ಗಂಡ ಸತ್ತಾಗ ಚಿಕ್ಕ ವಯಸ್ಸಿನವಳು. ಕಂಕುಳಲ್ಲಿ ಲಲಿತ. ಗಂಡ ಸತ್ತವಳು ಹೊಸ್ತಿಲು ದಾಟಿದರೆ ನಾಲ್ಕು ಜನ ಆಡಿಕೊಳ್ಳುವ ಕಾಲ. ಆಕೆ ಮಾವನ ಕೊಬ್ಬರಿ ಮಂಡಿಯನ್ನು ಗುಡಿಸಿ, ಸುಣ್ಣ ಹೊಡೆಸಿ, ಹಳ್ಳಿಯ ಹುಡುಗಿಯರು ಇದ್ದು ಓದುವುದಕ್ಕೆಂದು ಹಾಸ್ಟೆಲು ತೆರೆದಳು. ಯಾವ ಜಾತಿಯವರಾದರೂ ಸರಿ, ಒಂದೇ ಸಾಲಿನಲ್ಲಿ ಊಟ ಎಂದಳು. ಅಡುಗೆಯವಳು ಮಾರನೆಯ ದಿನವೇ ಬಿಟ್ಟು ಹೋದಳು. ಸುವರ್ಣಮ್ಮ ತಾನೇ ಮುದ್ದೆ ತಿರುವಿದಳು. ಮಂಡಿಯ ಹೆಂಚಿನ ಮೇಲೆ ಕಲ್ಲು ಬಿದ್ದವು. ಆಕೆ ಒಡೆದ ಹೆಂಚು ಬದಲಾಯಿಸಿ, ಹಳೇಬೀಡು, ಜಾವಗಲ್ ಕಡೆಯ ಹಳ್ಳಿಗಳಿಗೆ ನಡೆದುಕೊಂಡು ಹೋಗಿ, ಮದುವೆ ಗೊತ್ತಾಗಿದ್ದ ಹನ್ನೆರಡು, ಹದಿಮೂರರ ಹುಡುಗಿಯರನ್ನು ಅಪ್ಪಂದಿರ ಜೊತೆ ಜಗಳವಾಡಿ ಕರೆತಂದಳು. ಹೀಗೆ ಬಂದವರೆಲ್ಲ ಓದಿ ಟೀಚರು, ನರ್ಸು, ಗುಮಾಸ್ತೆಯರಾದರು. ಅವರೇ ಸೇರಿ ಈಗ ಆ ಮನೆಯನ್ನು ಮ್ಯೂಸಿಯಂ ಮಾಡಿದ್ದರು.

ಒಳಗೆ ಕಾಲಿಟ್ಟ ಕೂಡಲೇ ಎದುರು ಗೋಡೆಯಲ್ಲಿ ದೊಡ್ಡ ಫೋಟೊ. ನಡುವೆ ಸುವರ್ಣಮ್ಮ, ಬಿಳಿ ಸೀರೆ, ಬರಿಗೈ, ಬರಿಗೊರಳು. ಸುತ್ತ ಹುಡುಗಿಯರು. ಕೆಳಗೆ ಬರೆದಿತ್ತು: 'ಹುಡುಗಿಯರೊಂದಿಗೆ ಅಕ್ಕ. ಅಕ್ಕ ಆಭರಣಗಳನ್ನು ಸಂಪೂರ್ಣ ತೊರೆದಿದ್ದರು.'

"ನೀವೆಲ್ಲಿದ್ದೀರಿ ಅತ್ತೆ?" ದಿವ್ಯಾ ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದು ಹುಡುಕಿದಳು.

ಲಲಿತಮ್ಮನಿಗೆ ಮೊದಲ ನೋಟಕ್ಕೇ ಸಿಕ್ಕಿತ್ತು. ಹಿಂದಿನ ಸಾಲಿನ ತುದಿಯಲ್ಲಿ, ಎಣ್ಣೆ ಹಚ್ಚಿ ಬಿಗಿದ ಜಡೆ, ಎಲ್ಲರಂಥದೇ ಲಂಗ. ಅರ್ಧ ಮುಖ ಮುಂದಿನವಳ ತಲೆಗೆ ಮರೆಯಾಗಿತ್ತು. ತಾಯಿಯ ಸೆರಗು ಹಿಡಿದು ನಿಂತಿದ್ದವಳು ಬೇರೆ ಯಾರೋ ಪುಟ್ಟ ಹುಡುಗಿ. ಅವಳ ತಲೆಯ ಮೇಲೆ ಸಣ್ಣ ಬಾಣದ ಗುರುತು, ಪಕ್ಕದಲ್ಲಿ ಹೆಸರು: ಮೀನಾಕ್ಷಿ.

"ನಾನಿಲ್ಲ ಬಿಡು ಇದ್ರಾಗೆ" ಎಂದಳು ಲಲಿತಮ್ಮ.

ಒಳಗಿನ ಅಂಕಣದಿಂದ ಮಾತು ಕೇಳಿಸುತ್ತಿತ್ತು. ಅರೇಹಳ್ಳಿ ಕಡೆಯ ಸ್ತ್ರೀಶಕ್ತಿ ಸಂಘದ ಹೆಂಗಸರು ಟೆಂಪೊ ಮಾಡಿಕೊಂಡು ಬಂದಿದ್ದರು. ಅವರ ನಡುವೆ ನಿಂತು ವಿವರಿಸುತ್ತಿದ್ದವಳು ಮೀನಾಕ್ಷಿಯೇ. ನೀಲಿ ಕಾಟನ್ ಸೀರೆ, ಕತ್ತರಿಸಿದ ಬಿಳಿ ಕೂದಲು, ಕನ್ನಡಕ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದ ಮೇಲೆ ಮ್ಯೂಸಿಯಮ್ಮನ್ನು ನೋಡಿಕೊಳ್ಳುತ್ತಿದ್ದವಳು ಅವಳು. ಲಲಿತಮ್ಮ ಕಂಬದ ಪಕ್ಕ ನಿಂತಳು. ಮೀನಾಕ್ಷಿ ಇತ್ತ ನೋಡಲಿಲ್ಲ.

"ನಮ್ಮೂರು ಹಳೇಬೀಡಿನ ಹತ್ರ. ನಮ್ಮಪ್ಪ ಜವರಯ್ಯ, ಕೂಲಿ ಮಾಡ್ತಿದ್ರು. ನಮ್ಮವ್ವ ದ್ಯಾವಮ್ಮ ನಾನು ತೀರಾ ಚಿಕ್ಕೋಳಿದ್ದಾಗ್ಲೇ ಹೋಗ್ಬಿಟ್ರು. ಊರಿನ ಬಾವಿ ಹತ್ರ ನಮ್ಮನ್ನ ಸೇರಿಸ್ತಿರ್ಲಿಲ್ಲ. ಇಲ್ಲಿಗೆ ಬಂದ ದಿನ ಸುವರ್ಣಮ್ಮನೋರು ಇದೇ ನೀರಿನ ಹಂಡೆ ತೋರಿಸಿ, 'ಬಾಯಾರಿದ್ರೆ ನೀನೇ ಮೊಗೆದು ಕುಡಿ' ಅಂದ್ರು. ನನಗೆ ಕೈ ನಡುಗ್ತಿತ್ತು. ಅರ್ಧ ಚೆಲ್ಲಿದೆ."

ಹೆಂಗಸರಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

"ಇಲ್ಲಿ ಅವರನ್ನ ಎಲ್ರೂ ಅಕ್ಕ ಅಂತ್ಲೇ ಕರೀಬೇಕು. ಅದು ಹಾಸ್ಟೆಲ್ ರೂಲು" ಎಂದು ಮೀನಾಕ್ಷಿ ಮುಂದುವರಿಸಿದಳು. ಸ್ವಲ್ಪ ನಕ್ಕಳು. "ನಾನೊಬ್ಬಳು ಮಾತ್ರ ಅವ್ವ ಅಂತಿದ್ದೆ."

ಲಲಿತಮ್ಮನ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು.

ಆ ರೂಲು ಬಂದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಆಗ ಅವಳಿಗೆ ಐದು ವರ್ಷವಿರಬೇಕು. ಸುವರ್ಣಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು, "ಲಲ್ಲೂ, ಇವತ್ತಿಂದ ನೀನೂ ನನ್ನ ಅಕ್ಕ ಅನ್ಬೇಕು" ಎಂದಿದ್ದಳು.

"ಯಾಕವ್ವ?"

"ಈ ಹುಡುಗೀರೆಲ್ಲ ಅವ್ವನ ಬಿಟ್ಟು ಬಂದವ್ರೆ. ನೀನೊಬ್ಬಳು ಅವ್ವಾ ಅವ್ವಾ ಅಂತ ನನ್ನ ಹಿಂದೆ ತಿರುಗಿದ್ರೆ ಅವ್ರಿಗೆ ಹೊಟ್ಟೆ ಉರಿಯಲ್ವೇನೇ?"

ಬಾಯಿತಪ್ಪಿ ಅವ್ವ ಎಂದರೆ ಸುವರ್ಣಮ್ಮ ಗದರುತ್ತಿರಲಿಲ್ಲ, ಕೇಳಿಸಲೇ ಇಲ್ಲವೆಂಬಂತೆ ಕೆಲಸ ಮಾಡುತ್ತಿದ್ದಳು. ಅಕ್ಕ ಎಂದ ಮೇಲೆಯೇ ತಿರುಗಿ ನೋಡುವುದು. ಬಿದ್ದು ಮಂಡಿ ಒಡೆದುಕೊಂಡಾಗಲೂ ಹಾಗೆಯೇ. ಲಲಿತ ಕಲಿತುಕೊಂಡಳು. ಮದುವೆಯಾಗಿ ಬಾಣಾವರಕ್ಕೆ ಹೋದ ಮೇಲೂ, ಮಕ್ಕಳಾದ ಮೇಲೂ, ಸುವರ್ಣಮ್ಮ ಹಾಸಿಗೆ ಹಿಡಿದಾಗಲೂ ಅಕ್ಕ ಎಂದೇ ಕರೆದಳು. ಮೊದಮೊದಲು ಅದು ರೂಲು. ಆಮೇಲೆ ಹಟ.

"ಸುಳ್ಳು!" ಎಂದಳು ಲಲಿತಮ್ಮ. ಅಷ್ಟು ಜೋರಾಗಿ ಕೂಗುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. "ಈ ಮನೇಲಿ ಯಾರೂ ಹಂಗೆ ಕರೀತಿರ್ಲಿಲ್ಲ. ನಾನೇ ಕರೀತಿರ್ಲಿಲ್ಲ."

ಎಲ್ಲರೂ ತಿರುಗಿದರು. ಮೀನಾಕ್ಷಿ ಕನ್ನಡಕ ಸರಿಮಾಡಿಕೊಂಡು ನೋಡಿ, ಮುಖ ಅರಳಿಸಿ ಎರಡು ಹೆಜ್ಜೆ ಮುಂದೆ ಬಂದಳು. "ಲಲಿತಕ್ಕ! ಯಾವಾಗ ಬಂದ್ರಿ? ಒಂದು ಫೋನಾದ್ರೂ ಮಾಡಬಾರದಾ? ನೋಡ್ರಮ್ಮ, ಇವರೇ ನಮ್ಮವ್ವನ ಮಗಳು..."

"ಯಾರ ಅವ್ವ?" ಲಲಿತಮ್ಮ ಕಂಬ ಬಿಟ್ಟು ಮುಂದೆ ಬಂದಳು. "ನಮ್ಮನೆ ಉಪ್ಪು ತಿಂದು ಬೆಳೆದೋಳು ನೀನು. ಕೇರಿಯಿಂದ ಬಂದೋಳಿಗೆ ಇರಾಕೆ ಜಾಗ ಕೊಟ್ರೆ, ಮನೆ ಮಗಳ ಜಾಗಾನೇ ಬೇಕಾಯ್ತೇನೇ?"

ಮಾತು ಬಾಯಿಂದ ಹೊರಬಿದ್ದು ಆಗಿತ್ತು. ದಿವ್ಯಾ "ಅತ್ತೆ!" ಎಂದು ತೋಳು ಹಿಡಿದಳು. ಸಂಘದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೀನಾಕ್ಷಿಯ ನಗು ನಿಧಾನವಾಗಿ ಹೋಯಿತು. ಆದರೆ ಅವಳ ದನಿ ಏರಲಿಲ್ಲ. "ತಿಂದಿದ್ದೀನಿ ಲಲಿತಕ್ಕ. ಇದೇ ಮನೇಲಿ, ನಿಮ್ಮ ಪಕ್ಕದಲ್ಲೇ ಕೂತು ತಿಂದಿದ್ದೀನಿ. ಆದ್ರೆ ಈ ಮನೆ ಒಳಗೆ ಅದನ್ನ ಯಾರೂ ನನಗೆ ಎತ್ತಿ ಆಡಿರ್ಲಿಲ್ಲ. ನೀವೇ ಮೊದಲನೆಯೋರು."

ಲಲಿತಮ್ಮ ತೋಳು ಕೊಸರಿಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ದಿವ್ಯಾ ಹಿಂದೆ ಬರಲಿಲ್ಲ.

ಹಿತ್ತಲಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಮೇಲೆ ಕೂತಳು. ಕೇರಿ ಎಂಬ ಮಾತನ್ನು ಆ ಅರ್ಥದಲ್ಲಿ ಈ ಮನೆಯಲ್ಲಿ ಆಡಿದ್ದರೆ ಸುವರ್ಣಮ್ಮ ತನ್ನ ಮಗಳೆಂದೂ ನೋಡದೆ ಆಚೆ ನಿಲ್ಲಿಸುತ್ತಿದ್ದಳು. ಅದು ಲಲಿತಮ್ಮನಿಗೆ ಗೊತ್ತಿತ್ತು. ನಾಚಿಕೆಯಾಯಿತು. ಆದರೆ ನಾಚಿಕೆಯ ಅಡಿಯಲ್ಲಿ ಉರಿ ಹಾಗೆಯೇ ಇತ್ತು. ಮೀನಾಕ್ಷಿ ಅವ್ವ ಎಂದಾಗ ಅಕ್ಕ ತಿರುಗಿ ನೋಡಿದಳೇ? 'ಏನು ಮಗಾ' ಎಂದಳೇ?

ಒಳಗಿನ ಹೆಂಗಸರಿಗೆ ಉಳಿದ ಕೋಣೆಗಳನ್ನು ತೋರಿಸಿ ಮುಗಿಸಿಯೇ ಮೀನಾಕ್ಷಿ ಹಿತ್ತಲಿಗೆ ಬಂದಳು. ಹತ್ತಿರ ಕೂರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು.

"ಆ ಮಾತು ಆಡಬಾರದಿತ್ತು" ಎಂದಳು ಲಲಿತಮ್ಮ ನೆಲ ನೋಡುತ್ತ.

"ಆಡಬಾರದಿತ್ತು" ಎಂದಳು ಮೀನಾಕ್ಷಿ. ಪರವಾಗಿಲ್ಲ ಎನ್ನಲಿಲ್ಲ.

ಸ್ಟೇಷನ್ ಕಡೆಯಿಂದ ಯಾವುದೋ ರೈಲಿನ ಸಿಳ್ಳೆ ಬಂತು.

"ಯಾವಾಗಿಂದ ಕರೀತಿದ್ದೆ ಹಂಗೆ?" ಕೊನೆಗೆ ಲಲಿತಮ್ಮ ಕೇಳಿದಳು.

"ಚಿಕ್ಕೋಳಿದ್ದಾಗಲ್ಲ. ನಾನು ಟೀಚರ್ ಆಗಿ, ಸಂಜೆ ಹೊತ್ತು ಇಲ್ಲಿ ಹುಡುಗೀರ್ನ ನೋಡ್ಕೊಳ್ತಿದ್ದ ಕಾಲದಲ್ಲಿ. ನೀವು ಎರಡನೇ ಬಾಣಂತನಕ್ಕೂ ಇಲ್ಲಿಗೆ ಬರಲ್ಲ ಅಂದ್ರಲ್ಲ, ಆ ವರ್ಷ."

ಲಲಿತಮ್ಮ ತಲೆಯೆತ್ತಿದಳು.

"ಎಲ್ಲ ಸಿದ್ಧ ಮಾಡಿಟ್ಟಿದ್ರು. ಆ ಮೂಲೆ ಕೋಣೆಗೆ ಸುಣ್ಣ ಹೊಡೆಸಿ, ಹಳೇ ಸೀರೆಗಳನ್ನೆಲ್ಲ ಹರಿದು, ಒಗೆದು ಮಡಿಸಿ, ಶುಂಠಿ, ಬೆಲ್ಲ, ಕೊಬ್ಬರಿ ಎಲ್ಲ ತರಿಸಿದ್ರು. ಬರಲ್ಲ ಅಂತ ನಿಮ್ಮೆಜಮಾನ್ರು ಬಂದು ಹೇಳಿ ಹೋದ್ರು. ಸಂಜೆ ನೀವು ಕೂತಿದ್ದೀರಲ್ಲ, ಅಲ್ಲೇ ಕೂತಿದ್ರು. 'ಮೀನಾಕ್ಷಿ, ಒಂದ್ಸಲ ಅವ್ವ ಅನ್ನೇ' ಅಂದ್ರು. 'ಆ ಮಾತು ಕಿವಿಗೆ ಬಿದ್ದು ಎಷ್ಟು ವರ್ಷ ಆಯ್ತೋ' ಅಂದ್ರು. ನನಗೂ ಬಾಯಿಗೆ ರೂಢಿ ಇರ್ಲಿಲ್ಲ. ಅಂದೆ. ಆಮೇಲೆ ಅದೇ ಆಯ್ತು, ನೀವು ಬಂದಾಗ ಮಾತ್ರ ಅಕ್ಕ ಅಂತಿದ್ದೆ."

"ನನ್ನ ಕೇಳಬೌದಿತ್ತಲ್ಲ!" ಲಲಿತಮ್ಮ ಎದ್ದೇ ನಿಂತಳು. "ಬಾಣಾವರ ಏನು ಕಾಶೀನಾ? ಬಂದು ಒಂದು ಮಾತು, ಲಲ್ಲೂ ಅವ್ವ ಅನ್ನೇ ಅಂತ..."

"ನಾನೂ ಅದನ್ನೇ ಹೇಳಿದೆ. 'ಅವಳ್ನ ಕೇಳಾಕೆ ನನಗೆ ಮುಖ ಇಲ್ಲ ಕಣೇ' ಅಂದ್ರು."

"ಅಮಲ್ದಾರ್‌ನ ಎದುರಿಗೆ ನಿಂತು ಬೈದು ಬಂದೋಳು ಅವಳು."

"ಹೌದು. ಅವರು ಹೆದರ್ತಿದ್ದುದು ನಿಮಗೊಬ್ಬರಿಗೇ."

ಇದನ್ನು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತಾಯಿಗೆ ತನ್ನ ಮೇಲೆ ಅಷ್ಟು ಆಸೆಯಿತ್ತೆಂಬುದೂ ಈ ಮೀನಾಕ್ಷಿಯ ಬಾಯಿಂದಲೇ ತಿಳಿಯಬೇಕಾಯಿತು. ಆ ಸಂಜೆಯೂ ಅವಳ ಪಾಲಿಗೇ ಹೋಯಿತು.

"ನಿನಗೇನಮ್ಮ, ಎಲ್ಲ ಸಿಕ್ತು" ಎಂದಳು.

ಮೀನಾಕ್ಷಿ ಗೋಡೆ ಬಿಟ್ಟು ನೆಟ್ಟಗೆ ನಿಂತಳು. "ಏನು ಸಿಕ್ತು ಲಲಿತಕ್ಕ? ನಾನು ಅವ್ವ ಅಂದಾಗೆಲ್ಲ ಅವರು ಬಾಗಿಲ ಕಡೆ ನೋಡ್ತಿದ್ರು. ನಾನು ಎದುರಿಗೇ ಇದ್ದೆ. ಮಾತು ನಂದು, ನೋಟ ಬಾಗಿಲ ಕಡೆ. ಹದಿನೈದು ಇಪ್ಪತ್ತು ವರ್ಷ ಹಂಗೇ ನಡೀತು. ನಿಮ್ಮ ಮೇಲೆ ನನಗೆಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ? ಬರದೇ ಇದ್ರೂ ಮಗಳು ನೀವೇ. ನಾನು ಎಷ್ಟು ಮಾಡಿದ್ರೂ ಮೀನಾಕ್ಷಿ."

ಅವಳ ಕಣ್ಣು ತುಂಬಿತ್ತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ. ಒಳಗಿನಿಂದ ದಿವ್ಯಾ, "ಅತ್ತೆ, ಮೇಡಂ, ಊಟಕ್ಕೆ ಕರೀತಿದ್ದಾರೆ ಬನ್ನಿ" ಎಂದು ಕೂಗಿದಳು.

ಅರೇಹಳ್ಳಿಯ ಹೆಂಗಸರು ಜಗಲಿಯ ಮೇಲೆ ಬುತ್ತಿ ಬಿಚ್ಚಿದ್ದರು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಉಪ್ಪಿನಕಾಯಿ. ಆಗಿನ ಮಾತನ್ನು ಯಾರೂ ಮರೆತಂತೆ ಕಾಣಲಿಲ್ಲ. ಲಲಿತಮ್ಮನಿಗೆ ತಟ್ಟೆ ಕೊಟ್ಟವಳು ಅವಳ ಮುಖ ನೋಡದೆ ಕೊಟ್ಟಳು. ಲಲಿತಮ್ಮ ಒಂದು ತುದಿಗೆ ಕೂತು ರೊಟ್ಟಿ ಮುರಿದಳು. ಮುರಿದದ್ದನ್ನು ತಟ್ಟೆಯಲ್ಲೇ ಬಿಟ್ಟಳು. ಕೊನೆಗೆ ಸಂಘದ ಹಿರಿಯಳಾದ ರಮಾ ಎಂಬವಳು, "ಅಲ್ಲ ಕಣಮ್ಮ, ಬೈದಿದ್ದು ಬೈದ್ರಿ. ನೀವು ಹೊಟ್ಟೇಲಿ ಹುಟ್ಟಿದೋರು. ಮೇಡಂಗೆ ಗೊತ್ತಿಲ್ದೇ ಇರೋದು ನಿಮ್ಮ ಹತ್ರ ಒಂದಾದ್ರೂ ಇರ್ಬೇಕಲ್ಲ. ಹೇಳಿ ಕೇಳಾಣ" ಎಂದಳು.

ಲಲಿತಮ್ಮ ಇಲ್ಲ ಎನ್ನುವವಳಿದ್ದಳು. ಅಷ್ಟರಲ್ಲಿ ಮೀನಾಕ್ಷಿ ಕತ್ತೆತ್ತಿ ನೋಡಿದಳು. ಅವಳಿಗೆ ಗೊತ್ತಿಲ್ಲದೇ ಇರುವುದು! ಒಂದಿತ್ತು.

"ನಾನಾಗ ಒಂಬತ್ತೋ ಹತ್ತೋ ವರ್ಷದೋಳು" ಎಂದು ಲಲಿತಮ್ಮ ಶುರು ಮಾಡಿದಳು. "ಈ ಮೀನಾಕ್ಷಿ ಇನ್ನೂ ಬಂದಿರ್ಲಿಲ್ಲ. ಹಾಸ್ಟೆಲಿಗೆ ಹುಡುಗೀರ್ನ ಕೇಳಾಕೆ ಹಳೇಬೀಡಿನ ಕಡೆ ಹೊಂಟಿದ್ಲು. ನನಗೆ ಆವತ್ತು ಸ್ಕೂಲಿರ್ಲಿಲ್ಲ. ಅತ್ತೂ ಕರೆದೂ ಮಾಡಿ ನಾನೂ ಹೋದೆ. ಬೆಳಗ್ಗಿಂದ ಮನೆ ಮನೆ ತಿರುಗಿದ್ವಿ. ಒಬ್ರೂ ಒಪ್ಪಲಿಲ್ಲ. ಒಂದು ಮನೇಲಿ ನಾಯಿ ಬಿಟ್ರು. ಇನ್ನೊಂದು ಮನೇಲಿ, ಗಂಡನ್ನ ನುಂಗಿದೋಳು ನಮ್ಮ ಹುಡುಗೀಗೆ ಏನು ಕಲಿಸೀಯ ಅಂದ್ರು. ಅವಳು ಏನೂ ಅನ್ನಲಿಲ್ಲ. ಹಳೇಬೀಡಿಗೆ ಬಂದು ಕೆರೆ ಏರಿ ಮೇಲೆ ಕೂತ್ಲು. ಅವಳು ಅತ್ತಿದ್ದು ನಾನು ನೋಡಿದ್ದು ಅದೊಂದೇ ದಿನ."

ಹೆಂಗಸರು ತಿನ್ನುವುದನ್ನು ನಿಲ್ಲಿಸಿದ್ದರು.

"ಅತ್ತು ಮುಖ ತೊಳ್ಕಂಡು, 'ಲಲ್ಲೂ, ಬಾ ಬೇಲೂರಿಗೆ ಹೋಗಾಣ' ಅಂದ್ಲು. ಯಾಕೆ ಅಂದೆ. 'ಸುಮ್ನೆ' ಅಂದ್ಲು. ಸುಮ್ನೆ ಎಲ್ಲಿಗೂ ಹೋದೋಳಲ್ಲ ಅವಳು! ಬೇಲೂರಲ್ಲಿ ಹೋಟ್ಲಿಗೆ ಕರ್ಕೊಂಡು ಹೋಗಿ ದೋಸೆ ಕೊಡಿಸಿದ್ಲು. ಆಮೇಲೆ ದೇವಸ್ಥಾನದ ಬೀದೀಲಿ ಬಳೆ ಅಂಗಡಿ ಮುಂದೆ ನಿಂತ್ಲು. ನನಗೆ ಕೊಡಿಸ್ತಾಳೆ ಅಂತ ನಾನು ಕೈ ಚಾಚಿದೆ. ಅವಳು ತನ್ನ ಕೈ ಮುಂದೆ ಮಾಡಿದ್ಲು."

"ಅಯ್ಯೋ!" ಎಂದಳು ಯಾರೋ.

"ಬಳೆಗಾರ ಅವಳ ಹಣೆ ನೋಡ್ದ, ಕೊರಳು ನೋಡ್ದ. ಗೊತ್ತಾಯ್ತು ಅವನಿಗೆ. 'ತೊಡಿಸಪ್ಪ' ಅಂದ್ಲು. ಪುಣ್ಯಾತ್ಮ, ಏನೂ ಕೇಳ್ದೇ ತೊಡಿಸ್ದ. ಹಸಿರು ಗಾಜಿನ ಬಳೆ, ಎರಡು ಕೈಗೂ. ವಾಪಸ್ ಬರೋವಾಗ ಬಸ್ಸಲ್ಲಿ ದಾರಿಯುದ್ದಕ್ಕೂ ಕೈ ಅಲ್ಲಾಡಿಸಿ ಸದ್ದು ಮಾಡ್ತಿದ್ಲು, ಚಿಕ್ಕ ಹುಡುಗಿ ಹಂಗೆ. ಅರಸೀಕೆರೆ ದೀಪ ಕಂಡ್ವು ನೋಡಿ, ಒಂದೊಂದಾಗಿ ತೆಗೆದು ನನ್ನ ಕೈಗೆ ಹಾಕಿದ್ಲು. ನನಗೆ ದೊಡ್ಡವು, ಮೊಳಕೈವರೆಗೂ ಜಾರ್ತಿದ್ವು. ಯಾಕೆ ತೆಗೆದೆ, ಚೆನ್ನಾಗಿತ್ತಲ್ಲ ಅಂದೆ. 'ನಾನು ಬಳೆ ತೊಟ್ರೆ ನಾಳೆ ಯಾರೂ ತಮ್ಮ ಹುಡುಗೀರ್ನ ನನ್ನತ್ರ ಕಳಿಸಲ್ಲ ಕಣೇ' ಅಂದ್ಲು."

ರಮಾ ತನ್ನ ಬೋಳು ಕೈಗಳನ್ನು ಸೆರಗಿನ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಅವಳಿಗೂ ಗಂಡನಿಲ್ಲವೆಂಬುದು ಲಲಿತಮ್ಮನಿಗೆ ಆಗ ಹೊಳೆಯಿತು.

ಆಮೇಲೆ ಮೀನಾಕ್ಷಿಯ ಕಡೆ ನೋಡಿದಳು. ಮೀನಾಕ್ಷಿಯ ಬಾಯಿ ಸ್ವಲ್ಪ ತೆರೆದಿತ್ತು. "ನನಗಿದನ್ನ ಯಾವತ್ತೂ ಹೇಳಿರ್ಲಿಲ್ಲ" ಎಂದಳು. ದನಿ ಚಿಕ್ಕದಾಗಿತ್ತು. "ಎಷ್ಟು ವರ್ಷ ಜೊತೆಗಿದ್ದೆ. ಒಂದು ದಿನಾನೂ ಹೇಳಿರ್ಲಿಲ್ಲ."

ಮುಖ ಬಿಗಿದು, ತುಟಿ ಒಳಗೆಳೆದುಕೊಂಡು, ಕಣ್ಣು ಬೇರೆಡೆ ತಿರುಗಿಸುವ ಆ ಬಗೆ ಲಲಿತಮ್ಮನಿಗೆ ಚೆನ್ನಾಗಿ ಗೊತ್ತಿತ್ತು; ಇಷ್ಟು ವರ್ಷ ಅದು ತನ್ನದೇ ಮುಖವಾಗಿತ್ತು. ಅವಳ ಹೊಟ್ಟೆ ಎಷ್ಟೋ ವರ್ಷಗಳ ಮೇಲೆ ತಣ್ಣಗಾಯಿತು. ಹೀಗೆ ಸಂತೋಷಪಡುವುದು ಸರಿಯಲ್ಲವೆಂದೂ ಅನ್ನಿಸಿತು. ಆದರೂ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ತಿಂದು, ಇನ್ನೊಂದು ಹಾಕಿಸಿಕೊಂಡಳು.

ಹೊರಡುವಾಗ ಮೀನಾಕ್ಷಿ ಬಾಗಿಲವರೆಗೂ ಬಂದಳು. "ಲಲಿತಕ್ಕ, ಅದನ್ನ ಬರೆಸಿ ಹಾಕ್ಬೇಕು. ಆಭರಣ ತೊರೆದಿದ್ದರು ಅಂತ ತಪ್ಪು ಬರೆಸಿಬಿಟ್ಟಿದ್ದೀವಿ."

"ಬ್ಯಾಡ."

"ಯಾಕೆ? ಜನಕ್ಕೆ ಗೊತ್ತಾಗ್ಲಿ."

"ಬರೆಸಿದ್ರೆ ಎಲ್ಲಾರ್ದೂ ಆಗೋಯ್ತದೆ. ಅದು ನಂದು. ಕೇಳ್ಬೇಕು ಅನ್ನೋರು ನಾನು ಇದ್ದಾಗ ಬರ್ಲಿ, ನಾನೇ ಹೇಳ್ತೀನಿ."

"ಹಂಗಾದ್ರೆ ನೀವು ಬರ್ತಿರ್ಬೇಕಾಗುತ್ತೆ" ಎಂದಳು ಮೀನಾಕ್ಷಿ, ಮುಖದ ಬಿಗಿ ಸಡಿಲಿಸದೆ.

"ಬತ್ತೀನಿ."

ಬಸ್ಸಿನಲ್ಲಿ ದಿವ್ಯಾ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಊರು ಹತ್ತಿರವಾದಾಗ, "ಮೇಡಂಗೆ ಆ ಮಾತು ಅಂದ್ರಲ್ಲ ಅತ್ತೆ, ಅದನ್ನ ಆ ಹೆಂಗಸರ ಎದುರಿಗೇ ತಪ್ಪು ಅಂತ ಹೇಳ್ಬೇಕಿತ್ತು" ಎಂದಳು.

"ಮುಂದಿನ ಸಲ ಹೇಳ್ತೀನಿ" ಎಂದಳು ಲಲಿತಮ್ಮ.

ಮುಂದಿನ ಶನಿವಾರ ಹೋದಾಗ ಬೇರೆ ಊರಿನ ಟೀಚರುಗಳು ಬಂದಿದ್ದರು. ಅವರ ಎದುರಿಗೆ, ಯಾರೂ ಕೇಳದಿದ್ದರೂ, "ಹೋದ ವಾರ ನಾನು ಇವಳಿಗೆ ಆಡಬಾರದ ಮಾತು ಆಡಿದೆ, ತಪ್ಪಾಯ್ತು" ಎಂದಳು. ಟೀಚರುಗಳಿಗೆ ಏನೂ ಅರ್ಥವಾಗಲಿಲ್ಲ. ಮೀನಾಕ್ಷಿ ಅವಳಿಗೊಂದು ಕುರ್ಚಿ ಎಳೆದು ಹಾಕಿದಳು.

ಈಗ ಲಲಿತಮ್ಮ ಆಗಾಗ ಹೋಗುತ್ತಾಳೆ. ಇಬ್ಬರ ನಡುವೆ ಸಲುಗೆಯೇನೂ ಬೆಳೆದಿಲ್ಲ. ಒಬ್ಬಳು ಹೇಳುತ್ತಿದ್ದರೆ ಇನ್ನೊಬ್ಬಳು ನಡುವೆ ಬಾಯಿ ಹಾಕಿ ತಿದ್ದುತ್ತಾಳೆ. ಬಳೆಯ ಕಥೆ ಬಂದಾಗ ಮೀನಾಕ್ಷಿಗೆ ಒಳಗೆ ಏನಾದರೊಂದು ಕೆಲಸ ನೆನಪಾಗುತ್ತದೆ. ಮೀನಾಕ್ಷಿ ಅವ್ವ ಎಂದಾಗ ಲಲಿತಮ್ಮನಿಗೆ ಈಗಲೂ ಚುಚ್ಚುತ್ತದೆ. ಆಗ ಅವಳು ಎದ್ದು ಹಿತ್ತಲಿಗೆ ಹೋಗಿ, ಮುಖಕ್ಕೆ ನೀರು ಹಾಕಿಕೊಂಡು, ಮತ್ತೆ ಬಂದು ತನ್ನ ಕುರ್ಚಿಯಲ್ಲಿ ಕೂರುತ್ತಾಳೆ.